ಕರೆಂಟ್ ಹೋದರೂ ತುಳುಕದ ಸಂಪು

ಬಳ್ಳಾರಿಯಲ್ಲಿ ಸಂಪು ಅಂದರೆ ಅಂಗಳದ ಕೆಳಗಿನ ನೀರಿನ ತೊಟ್ಟಿಯೇ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅಕ್ವೇರಿಯಂ ಸ್ಟ್ಯಾಂಡಿನೊಳಗೆ ಕೂರುವ ಗಾಜಿನ ಸಂಪು. ಮೇಲಿನ ತೊಟ್ಟಿಯ ನೀರು ಪೈಪಿನಲ್ಲಿ ಇದಕ್ಕಿಳಿಯುತ್ತದೆ, ಸೋಸಿದ ಮೇಲೆ ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ.

ನನ್ನ ಗೋಲ್ಡ್‌ಫಿಶ್ ತೊಟ್ಟಿ 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಕೌಲ್ ಬಜಾರಿನಲ್ಲಿ ಗಾಜು ಕತ್ತರಿಸಿಕೊಂಡು ಬಂದು, 90 ಉದ್ದ, 35 ಅಗಲ, 40 ಎತ್ತರದ ಸಂಪನ್ನು ನಾನೇ ಅಂಟಿಸಿದೆ. ಒಳಗೆ ಮೂರು ಭಾಗ: ಸ್ಪಂಜು, ಸೆರಾಮಿಕ್ ರಿಂಗು, ಕೊನೆಗೆ ಪಂಪು. ಬೂಷ್ಟು ತಡೆಯುವ ಔಷಧ ಸೇರಿಸಿದ ಸಿಲಿಕಾನ್ ಮಾತ್ರ ಬೇಡ, ಅದು ಮೀನಿಗೆ ಒಳ್ಳೆಯದಲ್ಲ.

ನಾಲ್ಕನೇ ರಾತ್ರಿ ಕರೆಂಟ್ ಹೋಯಿತು. ಬೆಳಗಿನ ಜಾವ ಅವ್ವ "ಏಳೋ, ಮನೆ ತುಂಬಾ ನೀರು!" ಅಂತ ಕೂಗಿದಳು. ಪಂಪು ನಿಂತ ಕೂಡಲೇ ನೀರು ಮೇಲೇರುವ ಪೈಪಿನಲ್ಲೇ ಹಿಂದಕ್ಕೆ ಇಳಿದಿತ್ತು. ಆ ಪೈಪಿನ ಬಾಯಿಯನ್ನು ಮೇಲಿನ ತೊಟ್ಟಿಯ ನೀರಿನಲ್ಲಿ 10 ಸೆಂ.ಮೀ. ಆಳಕ್ಕೆ ಇಟ್ಟಿದ್ದೆ. ಬಾಯಿಗೆ ಗಾಳಿ ಸಿಗುವವರೆಗೂ ನೀರು ಇಳಿಯುತ್ತಲೇ ಇರುತ್ತದೆ, ಅಲ್ವಾ?

ಕೂತು ಲೆಕ್ಕ ಹಾಕಿದೆ. ಮೇಲಿನ ತೊಟ್ಟಿಯಲ್ಲಿ 1 ಸೆಂ.ಮೀ. ನೀರು ಅಂದರೆ 5.4 ಲೀಟರ್. 10 ಸೆಂ.ಮೀ.ಗೆ 54 ಲೀಟರ್. ಸಂಪಿನಲ್ಲಿ ನಾನು ಖಾಲಿ ಬಿಟ್ಟಿದ್ದು 31 ಲೀಟರಿನಷ್ಟು ಜಾಗ. ಮಿಕ್ಕಿದ್ದೆಲ್ಲ ನೆಲದ ಮೇಲೆ.

ಈಗ ಪೈಪಿನ ಬಾಯಿ 2 ಸೆಂ.ಮೀ. ಆಳದಲ್ಲಷ್ಟೇ ಇದೆ. ಇಳಿಯುವುದು ಸುಮಾರು 11 ಲೀಟರ್, ಜೊತೆಗೆ ಪೈಪಿನಲ್ಲಿರುವಷ್ಟು. ಗಾಳಿ ಎಳೆಯಲು ಪೈಪಿಗೆ ಸಣ್ಣ ತೂತು ಕೊರೆಯುವವರೂ ಇದ್ದಾರೆ. ಅದು ಪಾಚಿ ಕಟ್ಟಿ ಮುಚ್ಚಿಹೋಗುತ್ತದೆ, ಅದೊಂದನ್ನೇ ನಂಬಬೇಡಿ. ಬೇಕೆಂದೇ ಸ್ವಿಚ್ ಆಫ್ ಮಾಡಿ, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ತುಳುಕದಿದ್ದರೆ ಪಂಪು ಮತ್ತೆ ಹಾಕಿ, ಓಡುವಾಗಿನ ಮಟ್ಟಕ್ಕೆ ಟೇಪ್ ಅಂಟಿಸಿ. ಅದರ ಮೇಲೆ ಒಂದು ಚೊಂಬು ನೀರೂ ಸುರಿಯಬೇಡಿ.

ರಿಂಗಿಗೂ ಪಂಪಿಗೂ ನಡುವೆ ಮೂರು ಗಾಜು ನಿಲ್ಲಿಸಿದ್ದೇನೆ. ನೀರು ಮೊದಲನೆಯದರ ಮೇಲೆ, ಎರಡನೆಯದರ ಕೆಳಗೆ, ಮೂರನೆಯದರ ಮೇಲೆ ಹಾಯುವಷ್ಟರಲ್ಲಿ ಗುಳ್ಳೆಗಳು ಒಡೆದುಹೋಗುತ್ತವೆ.

ನಮ್ಮ ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ. ಆ ಇಳಿಕೆ ಕಾಣುವುದು ಪಂಪಿನ ಭಾಗದಲ್ಲಿ ಮಾತ್ರ. 25 ಸೆಂ.ಮೀ. ಉದ್ದದ ನನ್ನ ಆ ಭಾಗದಲ್ಲಿ 5 ಲೀಟರ್ ಆರಿದರೆ ಸುಮಾರು 6 ಸೆಂ.ಮೀ. ಇಳಿಯುತ್ತದೆ. ಪಂಪು ಗಾಳಿ ಎಳೆಯುವ ಮುಂಚೆ ದಿನಾ ತುಂಬಿಸಬೇಕು. ಆರಿಹೋಗುವುದು ನೀರು ಮಾತ್ರ, ಉಪ್ಪಿನಂಶ ತೊಟ್ಟಿಯಲ್ಲೇ ಉಳಿಯುತ್ತದೆ. ಅದಕ್ಕೇ ದಿನದ ಈ ಭರ್ತಿಗೆ ನಾನು ಬೋರ್‌ವೆಲ್ ನೀರಿನ ಬದಲು ಆರ್‌ಒ ನೀರು ಹಾಕುತ್ತೇನೆ.