ಕೆಸರಿನಲ್ಲಿ ಹೂತ ಗಾಡಿ: ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡದಿದ್ದಾಗ ಏನು ಮಾಡಬೇಕು?

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದ ದಾರಿಗಳಲ್ಲಿ ಹೂತು ನಿಂತ ಫೋರ್ ವೀಲ್ ಡ್ರೈವ್ ಗಾಡಿಗಳ ಮಾಲೀಕರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಹಿಡಿತವಿಲ್ಲದೆ ಸುತ್ತುವುದನ್ನು ತಡೆಯುವ ವ್ಯವಸ್ಥೆ) ಕೈಕೊಟ್ಟಿತು ಎಂಬುದು. ಇಂಥ ಸಂದರ್ಭಗಳನ್ನು ಹತ್ತಿರದಿಂದ ನೋಡಿದರೆ, ಹೆಚ್ಚಿನ ಗಾಡಿಗಳಲ್ಲಿ ಆ ವ್ಯವಸ್ಥೆ ಸರಿಯಾಗಿಯೇ ಇರುತ್ತದೆ, ಅದು ಕೆಲಸ ಶುರು ಮಾಡಿದ ಕ್ಷಣದಲ್ಲೇ ಚಾಲಕರು ಆಕ್ಸಿಲರೇಟರ್‌ನಿಂದ ಕಾಲು ತೆಗೆದುಬಿಡುತ್ತಾರೆ ಎಂಬುದು ತಿಳಿಯುತ್ತದೆ.

ಎಂಜಿನ್‌ನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆಯಾದ ಸಾಮಾನ್ಯ ಡಿಫರೆನ್ಷಿಯಲ್ ಒಂದೇ ಆಕ್ಸಲ್‌ನ ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲವನ್ನು ಕೊಡುವುದರಿಂದ, ಒಂದು ಚಕ್ರ ಹಿಡಿತ ಕಳೆದುಕೊಂಡು ಸುತ್ತತೊಡಗಿದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಅಲ್ಪ ಬಲ ದೊರೆಯುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಇದಕ್ಕೆ ಎರಡು ರೀತಿಯಲ್ಲಿ ಸ್ಪಂದಿಸುತ್ತದೆ: ಎಂಜಿನ್‌ನ ಶಕ್ತಿಯನ್ನು ತಗ್ಗಿಸುತ್ತದೆ ಮತ್ತು ಸುತ್ತುತ್ತಿರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಬಲವನ್ನು ಅದೇ ಆಕ್ಸಲ್‌ನ ಇನ್ನೊಂದು ಚಕ್ರಕ್ಕೆ ದಾಟಿಸುತ್ತದೆ. ಒದ್ದೆ ಡಾಂಬರಿನ ಮೇಲೆ ಎರಡೂ ಬೇಕು. ಕೆಸರಿನಲ್ಲಿ ಮೊದಲನೆಯದು ಅಡ್ಡಿ, ಎರಡನೆಯದು ಆಸರೆ.

ಗಾಡಿ ನಿಂತ ಕೂಡಲೇ ಇಳಿದು ಅಡಿಭಾಗವನ್ನು ನೋಡಿ. ಚಾಸಿಯೋ ಡಿಫರೆನ್ಷಿಯಲ್ಲೋ ಮಣ್ಣಿನ ದಿಬ್ಬದ ಮೇಲೆ ಕೂತು ಚಕ್ರಗಳು ಹಗುರವಾಗಿದ್ದರೆ ಯಾವ ಗುಂಡಿ ಒತ್ತಿದರೂ ಫಲವಿಲ್ಲ, ಮೊದಲು ಸಲಿಕೆ ಹಿಡಿಯಬೇಕು.

ನಂತರ ಗಾಡಿಯನ್ನು ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 4ಎಲ್‌ಗೆ (ನಾಲ್ಕೂ ಚಕ್ರಗಳಿಗೆ ಕಡಿಮೆ ವೇಗದಲ್ಲಿ ಹೆಚ್ಚು ಬಲ ಕೊಡುವ ಗೇರು) ಬದಲಿಸಿ. ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಮಿನುಗುತ್ತಲೇ ಇದ್ದರೆ ಗೇರು ಕೂತಿಲ್ಲವೆಂದು ಅರ್ಥ. ಗಾಡಿಯನ್ನು ಒಂದಿಷ್ಟು ಹಿಂದೆ ಮುಂದೆ ಅಲುಗಿಸಿದರೆ ಕೂರುತ್ತದೆ. ಮಾರುತಿ ಸುಜುಕಿ ಜಿಮ್ನಿಯಲ್ಲಿ 4ಎಲ್‌ಗೆ ಹಾಕಿದೊಡನೆ ಎಂಜಿನ್ ಶಕ್ತಿ ತಗ್ಗಿಸುವ ಭಾಗ ತಾನಾಗಿಯೇ ದೂರ ಸರಿದು, ಬ್ರೇಕ್ ಹಾಕುವ ಭಾಗ ಮಾತ್ರ ಉಳಿಯುತ್ತದೆ. ಬೇರೆ ಹಲವು ಗಾಡಿಗಳಲ್ಲಿ ಇದಕ್ಕಾಗಿ ಇಎಸ್‌ಪಿ (ಗಾಡಿ ಜಾರದಂತೆ ಸ್ಥಿರವಾಗಿಡುವ ವ್ಯವಸ್ಥೆ) ಆಫ್ ಗುಂಡಿಯನ್ನು ಒತ್ತಬೇಕು. ಕೆಲವದರಲ್ಲಿ ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾಗುತ್ತದೆ. ನಿಮ್ಮ ಗಾಡಿಯ ಕೈಪಿಡಿಯ ಆ ಪುಟವನ್ನು ಮನೆಯಲ್ಲೇ ಓದಿಟ್ಟುಕೊಳ್ಳಿ. ಎಂಜಿನ್ ಉಸಿರುಗಟ್ಟುತ್ತದೆ ಎಂದು ಎಬಿಎಸ್‌ನ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಫ್ಯೂಸನ್ನೇ ಕಿತ್ತುಬಿಡುವ ಒಂದು ಅಡ್ಡದಾರಿ ಚಾಲ್ತಿಯಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸ್ ಹೋದರೆ ನಮಗೆ ಬೇಕಾದ ಬ್ರೇಕಿನ ಸಹಾಯವೂ ಹೋಗುತ್ತದೆ.

ಇನ್ನು ಹೆಚ್ಚಿನವರು ಎಡವುವ ಹಂತ. ಒಬ್ಬರನ್ನು ಗಾಡಿಯ ಪಕ್ಕಕ್ಕೆ, ಸ್ವಲ್ಪ ದೂರದಲ್ಲಿ ನಿಲ್ಲಿಸಿ ಯಾವ ಯಾವ ಚಕ್ರ ಸುತ್ತುತ್ತಿದೆ ಎಂದು ಹೇಳಲು ಕೇಳಿಕೊಳ್ಳಿ. ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು. ಸ್ಟೀರಿಂಗ್ ನೇರವಾಗಿರಲಿ. ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಆಕ್ಸಿಲರೇಟರನ್ನು ನಿಧಾನವಾಗಿ ಒತ್ತುತ್ತಾ, ಡೀಸೆಲ್ ಗಾಡಿಯಾದರೆ ಸುಮಾರು 1,500ರಿಂದ 2,000, ಪೆಟ್ರೋಲ್ ಆದರೆ 2,000ದಿಂದ 2,500 ಆರ್‌ಪಿಎಂ ತಲುಪಿ, ಅಲ್ಲಿಯೇ ಕಾಲು ಅಲುಗಿಸದೆ ಹಿಡಿಯಿರಿ. ಚಕ್ರ ಸುತ್ತಿದಾಗಲೇ ಸೆನ್ಸರ್‌ಗಳಿಗೆ ವೇಗದ ವ್ಯತ್ಯಾಸ ಕಾಣುವುದು. ಆಗ ಅಡಿಯಿಂದ ಗರಗರ, ಕಟಕಟ ಎಂಬ ಒರಟು ಸದ್ದು ಬಂದು ಇಡೀ ಗಾಡಿ ನಡುಗುತ್ತದೆ. ಅದು ಏನೋ ಮುರಿಯುತ್ತಿರುವ ಸದ್ದಲ್ಲ, ಎಬಿಎಸ್ ಪಂಪ್ ಸುತ್ತುವ ಚಕ್ರವನ್ನು ಹಿಡಿದು ಬಿಟ್ಟು ಮಾಡುತ್ತಿರುವ ಸದ್ದು. ಹೆದರಿ ಕಾಲು ತೆಗೆದರೆ ಚಕ್ರದ ವೇಗ ಕುಸಿದು, ವ್ಯವಸ್ಥೆ ಕೆಲಸ ಮುಗಿಯಿತೆಂದು ಬ್ರೇಕ್ ಬಿಡುತ್ತದೆ, ಮತ್ತೆ ಎಲ್ಲವೂ ಮೊದಲಿನಿಂದ ಆರಂಭವಾಗಬೇಕಾಗುತ್ತದೆ. ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುವವರಿಗೆ ಇದರ ಸಹಾಯ ಸಿಗುವುದೇ ಇಲ್ಲ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಗಾಡಿ ಒಂದಂಗುಲ ಸರಿದರೂ ಕಾಲು ಹಾಗೆಯೇ ಇರಲಿ. ಎಣಿಕೆ ಮುಗಿದರೂ ಸರಿಯದಿದ್ದರೆ ನಿಲ್ಲಿಸಿ, ಏಕೆಂದರೆ ಅದರಾಚೆಗೆ ಚಕ್ರಗಳು ಗುಂಡಿಯನ್ನಷ್ಟೇ ತೋಡುತ್ತವೆ.

ಪಕ್ಕದಲ್ಲಿ ನಿಂತವರು ಹೇಳಿದ್ದು ಇಲ್ಲಿ ಬಹಳ ಮುಖ್ಯ. ಮುಂದಿನ ಎರಡೂ ಚಕ್ರಗಳು ಅಲುಗುತ್ತಲೇ ಇಲ್ಲವಾದರೆ ಫೋರ್ ವೀಲ್ ಕೂಡಿಕೊಂಡಿಲ್ಲ. ನಾಲ್ಕೂ ಒಂದೇ ಸಮನೆ ಸುತ್ತುತ್ತಿದ್ದರೆ ವ್ಯವಸ್ಥೆಗೆ ವ್ಯತ್ಯಾಸವೇ ಕಾಣುತ್ತಿಲ್ಲ, ದೋಷ ನೆಲದ್ದು ಇಲ್ಲವೇ ಟೈರಿನದು. ಮೂಲೆಗೆ ಮೂಲೆ ಎದುರಾದ ಎರಡು ಚಕ್ರಗಳು ಮಾತ್ರ ಸುತ್ತುತ್ತಿದ್ದು, ಗರಗರ ಸದ್ದೂ ಬರುತ್ತಿಲ್ಲವಾದರೆ ಆಗ ನಿಜವಾದ ದೋಷವನ್ನು ಹುಡುಕಬೇಕು.

ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಗುರುತು ಮಿನುಗುತ್ತಿದ್ದರೆ ವ್ಯವಸ್ಥೆ ದುಡಿಯುತ್ತಿದೆ. ನೀವು ಆಫ್ ಮಾಡದಿದ್ದರೂ ಅದು ಸ್ಥಿರವಾಗಿ ಉರಿಯುತ್ತಿದ್ದು, ಜೊತೆಗೆ ಎಬಿಎಸ್ ದೀಪವೂ ಹೊತ್ತಿದ್ದರೆ, ಚಕ್ರದ ಸೆನ್ಸರ್‌ಗೆ ಅಂಟಿದ ಕೆಸರು ಅಥವಾ ಕಡ್ಡಿ ತಗುಲಿ ಕಿತ್ತ ಅದರ ವಯರ್ ಸಾಮಾನ್ಯ ಕಾರಣ. ಪ್ರತಿ ಚಕ್ರದ ಒಳಬದಿಗೂ ನೀರು ಎರಚಿ ತೊಳೆದು, ವಯರ್ ಹಿಡಿದು ನೋಡಿ, ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿ. ಹಲವು ಬಾರಿ ಪ್ರಯತ್ನಿಸಿದ ಮೇಲೆ ವ್ಯವಸ್ಥೆ ಸುಮ್ಮನಾಗಿದ್ದರೆ ಅದು ಬ್ರೇಕ್ ಅತಿಯಾಗಿ ಕಾದಿದ್ದಕ್ಕೆ ತಾನೇ ತೆಗೆದುಕೊಂಡ ರಜೆ. ಅರ್ಧ ಗಂಟೆ ತಣಿಯಲು ಬಿಡಿ, ಕಾದ ಡಿಸ್ಕ್ ಮೇಲೆ ಮಾತ್ರ ನೀರು ಸುರಿಯಬೇಡಿ. ಒಂದು ಚಕ್ರಕ್ಕೆ ಬೇರೆ ಅಳತೆಯ ಸ್ಟೆಪ್ನಿ ಹಾಕಿದ್ದರೂ ಸೆನ್ಸರ್‌ಗಳ ಲೆಕ್ಕ ತಪ್ಪುತ್ತದೆ.

ಇಷ್ಟಾದರೂ ಗಾಡಿ ಏಳದಿದ್ದರೆ ಟೈರಿನ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿ. ನನ್ನ ಮಟ್ಟಿಗೆ ಇದು ಯಾವ ಎಲೆಕ್ಟ್ರಾನಿಕ್ ಸೌಲಭ್ಯಕ್ಕಿಂತಲೂ ದೊಡ್ಡ ಸಹಾಯ, ಮತ್ತು ಗಾಳಿ ತುಂಬುವ ಪಂಪ್ ಇಲ್ಲದೆ ಯಾರೂ ಕೆಸರಿಗೆ ಇಳಿಯಲೇಬಾರದು. ಬಯಲುಸೀಮೆಯ ಎರೆ ಮಣ್ಣು ಟೈರಿನ ಸಂದುಗಳನ್ನೆಲ್ಲ ತುಂಬಿಬಿಡುವುದರಿಂದ ಅಲ್ಲಿ ಮೊದಲು ಕಡ್ಡಿಯಿಂದ ಸಂದು ಬಿಡಿಸಿ. ಚಕ್ರದ ಮುಂದೆ ಮಣ್ಣು ಇಳಿಜಾರಾಗಿ ಕೆತ್ತಿ ಕಲ್ಲು, ಒಣ ಕೊಂಬೆ ತುಂಬಿ. ಹಸಿ ಸೊಪ್ಪು ಅರೆದು ಜಾರುತ್ತದೆ, ಅಡಿಕೆ ಹಾಳೆಯಂತೂ ಇನ್ನೂ ಜಾರುತ್ತದೆ. ಹೂತ ಚಕ್ರದಡಿ ಇಡಲು ಮಾರುವ ಅಗ್ಗದ ಪ್ಲಾಸ್ಟಿಕ್ ಹಲಗೆಗಳ ಹಲ್ಲುಗಳು ಚಕ್ರ ಸುತ್ತಿದ ಬಿಸಿಗೇ ಕರಗಿ ಹೋಗುತ್ತವೆ. ಆ ದುಡ್ಡಿಗೆ ಒಂದು ಒಳ್ಳೆಯ ಸಲಿಕೆ ಕೊಳ್ಳುವುದು ಮೇಲು.

ಎಳೆಸುವುದಾದರೆ ಚಾಸಿಗೆ ಕೂಡಿಸಿದ ಕೊಕ್ಕೆಗೆ ಮಾತ್ರ ಹಗ್ಗ ಕಟ್ಟಿ, ಬಂಪರ್‌ಗಾಗಲಿ ಟ್ರೇಲರ್ ಸಿಕ್ಕಿಸುವ ಗುಂಡಿಗಾಗಲಿ (ಟೋ ಬಾಲ್) ಎಂದೂ ಕಟ್ಟಬೇಡಿ, ಜನರನ್ನು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿ.

ಗಟ್ಟಿ ರಸ್ತೆಗೆ ಬಂದ ಮೇಲೆ ಫೋರ್ ವೀಲನ್ನು 2ಎಚ್‌ಗೆ (ಎರಡು ಚಕ್ರಗಳಿಗೆ ಮಾತ್ರ ಬಲ ಕೊಡುವ ಮಾಮೂಲಿ ಗೇರು) ತನ್ನಿ, ಇಎಸ್‌ಪಿ ದೀಪ ಆರಿರುವುದನ್ನು ಖಚಿತಪಡಿಸಿಕೊಳ್ಳಿ, ಗಾಳಿ ತುಂಬಿ, ಮೆಲ್ಲಗೆ ಎರಡು ಮೂರು ಬಾರಿ ಬ್ರೇಕ್ ಒತ್ತಿ ಹಿಡಿತ ನೋಡಿ. ರಿಮ್‌ನ ಒಳಗೆ ಒಂದು ಕಡೆ ಕೂತ ಕೆಸರು ವೇಗದಲ್ಲಿ ಸ್ಟೀರಿಂಗನ್ನು ನಡುಗಿಸುವುದರಿಂದ, ಮೊದಲು ಸಿಕ್ಕ ನೀರಿನಲ್ಲಿಯೇ ಅದನ್ನು ತೊಳೆದು ಹೊರಡಿ.