ಹಕ್ಕಿಗಳ ಕಣ್ಣಿಗೆ ಬೀಳದಂತೆ ನೀರು ಹಿಡಿಯುವುದು

ಬಯಲುಸೀಮೆಯವನಾದ ನನಗೆ ತುಂಬಿದ ಕೆರೆ ಕಂಡರೆ ಹೊಟ್ಟೆ ತಣ್ಣಗಾಗುತ್ತದೆ. ಆದರೆ ನಾನು ನೀರಿನ ಕೆಲಸ ನೋಡಿಕೊಳ್ಳುವ ವಿಮಾನ ನಿಲ್ದಾಣದಲ್ಲಿ ಬಯಲಲ್ಲಿ ನಿಂತ ನೀರೆಂದರೆ ಅಪಾಯ. ನೀರು ನಿಂತಲ್ಲಿ ಕಪ್ಪೆ, ಹುಳು. ಅವುಗಳ ಹಿಂದೆಯೇ ಬೆಳ್ಳಕ್ಕಿ, ಹದ್ದು. ಮೇಲೇರುತ್ತಿರುವ ವಿಮಾನದ ಎಂಜಿನ್‌ಗೆ ಒಂದು ಹದ್ದು ಸಿಕ್ಕಿದರೂ ಸಾಕು. ಮಳೆನೀರಿನ ಹೊಂಡ 48 ಗಂಟೆಯೊಳಗೆ ಬರಿದಾಗಬೇಕೆಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗಸೂಚಿ ಹೇಳುವುದು ಈ ಕಾರಣಕ್ಕೇ. ಹಾಗಾಗಿ 'ಅಷ್ಟು ಜಾಗವಿದೆಯಲ್ಲ, ಒಂದು ಕೆರೆ ತೋಡಿಬಿಡಿ' ಎಂದು ಸಲಹೆ ಕೊಡುವವರಿಗೆ ನಾನು ನಕ್ಕು ಸುಮ್ಮನಾಗುತ್ತೇನೆ.

ಲೆಕ್ಕ ಮಾತ್ರ ಆಸೆ ಹುಟ್ಟಿಸುವಂಥದ್ದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 4,000 ಮೀಟರ್ ಉದ್ದ, 45 ಮೀಟರ್ ಅಗಲದ ರನ್‌ವೇ ಮೇಲೆ 10 ಮಿ.ಮೀ. ಸುರಿದರೆ 18 ಲಕ್ಷ ಲೀಟರ್! ಆದರೆ ರನ್‌ವೇ ನಡುವೆ ತುಸು ಉಬ್ಬಿರುತ್ತದೆ. ನೀರು ಎರಡೂ ಬದಿಯ ಹುಲ್ಲಿಗೆ ಇಳಿಯುತ್ತದೆ. ಮುಂಗಾರಿನ ಮೊದಲ ಮಳೆಗಳನ್ನು ಕಾದ ನೆಲವೇ ಕುಡಿದುಬಿಡುತ್ತದೆ, ಚರಂಡಿಗೆ ಹನಿಯೂ ಬರುವುದಿಲ್ಲ. ಅದನ್ನು ನಷ್ಟವೆಂದು ನಾನು ಬರೆಯುವುದಿಲ್ಲ. ಅಲ್ಲಿ ಇಂಗಿದ್ದೂ ನಮ್ಮ ನೀರೇ.

ಆದ್ದರಿಂದ ನಾವು ಶುರುಮಾಡಿದ್ದು ಟರ್ಮಿನಲ್ ಚಾವಣಿಯಿಂದ. ಅಲ್ಲಿನ ನೀರು ಶುದ್ಧ. ಮೊದಲ ಕೊಳೆನೀರನ್ನು ಹೊರಬಿಟ್ಟರೆ ಉಳಿದದ್ದು ಶೋಧಕ ದಾಟಿ ನೇರವಾಗಿ ನೆಲದಡಿಯ, ಮುಚ್ಚಿದ ತೊಟ್ಟಿಗೆ. ವಿಮಾನಗಳು ನಿಂತು ಇಂಧನ ತುಂಬಿಸಿಕೊಳ್ಳುವ ಅಂಗಳದ ನೀರಿನ ಜಾತಿಯೇ ಬೇರೆ. ಅದನ್ನು ಎಣ್ಣೆ ಬೇರ್ಪಡಿಸುವ ತೊಟ್ಟಿಗೆ ಹರಿಸುತ್ತೇವೆ. ಒಳಗೆ ಮೂರು ಕೋಣೆಗಳು. ಅಡ್ಡಗೋಡೆಯ ಕೆಳಗಿನಿಂದ ನೀರು ಮುಂದೆ ಸಾಗುತ್ತದೆ, ಹಗುರವಾದ ಎಣ್ಣೆ ಮೇಲೆಯೇ ಉಳಿಯುತ್ತದೆ. ಮೊದಲ ಕೋಣೆಯ ಮುಚ್ಚಳ ತೆಗೆದರೆ ಏಳು ಬಣ್ಣದ ತೆಳು ಪದರ ತೇಲುತ್ತಿರುತ್ತದೆ. ಕೊನೆಯದರಲ್ಲಿ ಅದರ ಸುಳಿವೂ ಇರಬಾರದು. ಇದ್ದರೆ ಆ ನೀರು ಇಂಗುಗುಂಡಿಗೆ ಹೋಗುವಂತಿಲ್ಲ. ಅಗ್ನಿಶಾಮಕ ತಾಲೀಮಿನ ಅಂಗಳದ ನೀರನ್ನಂತೂ ಇಂಗಿಸುವ ಮಾತೇ ಇಲ್ಲ. ಬೆಂಕಿ ಆರಿಸುವ ಕೆಲವು ನೊರೆಗಳಲ್ಲಿರುವ ಫ್ಲೋರಿನ್ ರಾಸಾಯನಿಕಗಳು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಹಲವು ದೇಶಗಳಲ್ಲಿ ವಿಮಾನ ನಿಲ್ದಾಣಗಳ ಸುತ್ತಲಿನ ಅಂತರ್ಜಲ ಕೆಟ್ಟಿರುವುದು ಇವುಗಳಿಂದಲೇ.

ಇಷ್ಟಾದರೂ ಮಳೆ ವರ್ಷಕ್ಕೆ ಕೆಲವು ತಿಂಗಳ ನೆಂಟ. ನಮ್ಮನ್ನು ನಿಜವಾಗಿ ಸಾಕುವುದು ಶೌಚಾಲಯ, ಅಡುಗೆಮನೆಗಳಿಂದ ದಿನವೂ ಬರುವ ತ್ಯಾಜ್ಯನೀರು. ಶುದ್ಧೀಕರಣ ಘಟಕದಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಗಾಳಿ ಊದುವ ತೊಟ್ಟಿಯ ನೀರನ್ನು ಒಂದು ಲೀಟರಿನ ಅಳತೆಗಾಜಿಗೆ ತುಂಬಿ ಅರ್ಧ ಗಂಟೆ ಅಲುಗಿಸದೆ ಇಡುವುದು. ಕಂದು ಕೆಸರು ಒತ್ತಾಗಿ ಕೆಳಗೆ ಕುಳಿತು ಮೇಲೆ ತಿಳಿನೀರು ನಿಂತರೆ ಕೊಳೆಯನ್ನು ತಿಂದು ನೀರು ಶುದ್ಧಮಾಡುವ ಜೀವಾಣುಗಳು ಕ್ಷೇಮ. ಕೆಸರು ತೇಲಿದರೆ, ಕಪ್ಪಾಗಿ ನಾರಿದರೆ ಗಾಳಿಯ ಯಂತ್ರದತ್ತ ಓಡಬೇಕು. ಆನ್‌ಲೈನ್ ಮಾಪಕಗಳಿದ್ದರೂ ನನ್ನ ನಂಬಿಕೆ ಇಂದಿಗೂ ಆ ಗಾಜಿನ ಮೇಲೇ.

ಶುದ್ಧವಾದ ನೀರು ತೋಟಕ್ಕೆ, ಫ್ಲಶ್‌ಗೆ, ಹವಾನಿಯಂತ್ರಣದ ಕೂಲಿಂಗ್ ಟವರ್‌ಗೆ ಹೋಗುತ್ತದೆ. ಈ ಟವರ್ ಬಲು ಬಾಯಾರಿದ್ದು. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಮಿತಿ ಮೀರಿದರೆ ಒಂದಿಷ್ಟು ನೀರನ್ನು ಹೊರಚೆಲ್ಲಲೇಬೇಕು. ಗಡಸುತನ ತೆಗೆದ ನೀರು ಕೊಟ್ಟಷ್ಟೂ ಚೆಲ್ಲುವುದು ಕಡಿಮೆ. ಹೊಸ ತೊಟ್ಟಿ ಕಟ್ಟಿಸಲು ಹಣ ಕೇಳುವ ಮೊದಲು ಇಲ್ಲಿ ನೋಡಿ ಎಂದು ಹೊಸಬರಿಗೆ ಹೇಳುತ್ತೇನೆ.

ಅತಿ ಹೆಚ್ಚು ಜಗಳ ತಂದದ್ದು ಮಾತ್ರ ಅಂಗಡಿ, ಹೋಟೆಲ್‌ಗಳಿಗೆ ಹಾಕಿಸಿದ ಪ್ರತ್ಯೇಕ ಮೀಟರ್. ಒಲೆ ಆರಿಸಿ ಬಾಗಿಲು ಹಾಕಿದ ಮೇಲೂ ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. 'ನಮ್ಮದಲ್ಲ, ಪೈಪ್ ನಿಮ್ಮದು' ಎಂದು ಬಾಡಿಗೆದಾರರು ವಾದಿಸಿದರು. ಬಿಲ್ ಅವರ ಹೆಸರಿಗೆ ಹೋಗತೊಡಗಿದ ಮೇಲೆ ನಲ್ಲಿ ರಿಪೇರಿಗೆ ಮೊದಲು ಫೋನ್ ಮಾಡುವವರು ಅವರೇ.