ಪಿಕಪ್ ಎತ್ತರ ಮಾಡ್ಸಿದ್ರ ಸ್ಟೇರಿಂಗ್ ಸಾಮಾನೂ ನೋಡ್ಸ್ರಿ

ವಿ-ಕ್ರಾಸ್, ಹೈಲಕ್ಸ್ ಇಟ್ಕೊಂಡೋರು ಎರಡು ಇಂಚು ಲಿಫ್ಟ್ ಹಾಕ್ಸಿ ದೊಡ್ಡ ಟಾಯರ್ ಏರಿಸ್ತಾರ, ಅಷ್ಟಕ್ಕ ಕೆಲಸ ಮುಗೀತು ಅಂತಾರ, ಆಮ್ಯಾಲ ಸೇಡಂ ರೋಡಿಗೆ ಸಿಮೆಂಟ್ ಲಾರಿ ಹಿಂದ ಹಾಕ್ಬೇಕಂದ್ರ ಗಾಡಿ ಅತ್ಲಾಗ ಇತ್ಲಾಗ ಓಲಾಡ್ತದ. ಈ ಎರಡೂ ಗಾಡಿಗೆ ಮುಂದ ಡಬಲ್ ವಿಶ್‌ಬೋನ್ (ಗಾಲಿ ಹಿಡಿಯೋ ಮ್ಯಾಲಿಂದೊಂದು, ಕೆಳಗಿಂದೊಂದು ಆರ್ಮ್), ಹಿಂದ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್). ಮುಂದ ಎತ್ತಿದ್ರ ಮ್ಯಾಲಿನ ಆರ್ಮ್, ಟೈ ರಾಡ್ (ಸ್ಟೇರಿಂಗಿಂದ ಗಾಲಿ ತಿರುಗಿಸೋ ಸರಳು), ಆಕ್ಸಲ್ ಎಲ್ಲಾದರ ಆ್ಯಂಗಲ್ ಕೆಳಗ ಬೀಳ್ತದ, ಕ್ಯಾಸ್ಟರ್ (ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಹೊಳ್ಳೋ ಗೆರಿ ಹಿಂದಕ್ಕ ವಾಲಿದ ಕೋನ) ಕಮ್ಮಿ ಆಗ್ತದ, ತಿರುವಿನಾಗ ಸ್ಟೇರಿಂಗ್ ತಾನಾಗೇ ವಾಪಸ್ ಬರಂಗಿಲ್ಲ.

ಹೊಸ ಸಾಮಾನು ತರೋಕಿಂತ ಮೊದಲು ಹಳೇದು ನೋಡ್ರಿ. ಜಾಕ್ ಹಾಕಿ ಗಾಲಿ ಎತ್ತಿ, ಕೆಳಗ ಸ್ಟ್ಯಾಂಡ್ ಕೊಟ್ಟು, ಗಾಲಿ ಮ್ಯಾಲ-ಕೆಳಗ ಹಿಡಿದು ಅಲ್ಲಾಡಿಸ್ರಿ, ಆಟ (ಸಡಿಲು) ಇದ್ರ ಬಾಲ್ ಜಾಯಿಂಟ್ (ಆರ್ಮ್ ಗಾಲಿ ಕಡಿ ಕೂಡೋ ಗುಂಡು ಕೀಲು) ಇಲ್ಲಾ ಬೇರಿಂಗ್, ಎಡ-ಬಲ ಹಿಡಿದಾಗ ಆಟ ಇದ್ರ ಟೈ ರಾಡ್ ಕಡಿ ಸಂಶಯ. ನಮ್ಮ ಎರಿ ಮಣ್ಣು ಭಾಳ ಕೆಟ್ಟದ್ದು ರೀ, ರಬ್ಬರ್ ಬೂಟಿನಾಗ ಕೂದಲೆಳಿಯಷ್ಟು ಸೀಳು ಬಿಟ್ಟಿದ್ರೂ ಒಳಗ ಹೊಕ್ಕು ಗ್ರೀಸ್ ಜೋಡಿ ಕೂಡ್ಕೊಂಡು ಬಾಲ್ ತಿಂದು ಹಾಕ್ತದ. ಸಿವಿ ಬೂಟೂ (ಮುಂದಿನ ಆಕ್ಸಲ್ ಕೀಲಿನ ರಬ್ಬರ್ ಮುಚ್ಚಳ) ಹಂಗೇ ನೋಡ್ರಿ.

ಎರಡು ಇಂಚಿನ ತನಕ ಎತ್ತಿದ್ರ ಕ್ಯಾಸ್ಟರ್ ಸರಿ ಮಾಡೋ ಅಪ್ಪರ್ ಕಂಟ್ರೋಲ್ ಆರ್ಮ್ (ಅದೇ ಮ್ಯಾಲಿನ ಆರ್ಮ್) ಹಾಕ್ಸೋದು ರೊಕ್ಕಕ್ಕ ತಕ್ಕ ಕೆಲಸ. ಲಿಫ್ಟ್ ಸ್ಪ್ರಿಂಗ್ ಮ್ಯಾಲ ಮತ್ತ ಸ್ಪೇಸರ್ (ಎತ್ತರ ಮಾಡೋ ಬಿಲ್ಲೆ) ಇಡೋ ಹುಚ್ಚು ಮಾತ್ರ ಬ್ಯಾಡ. ಸ್ಪ್ರಿಂಗ್ ಒತ್ತೋ ಕೆಲಸ ಮನಿ ಅಂಗಳದಾಗ ಮಾಡಬ್ಯಾಡ್ರಿ, ಕಂಪ್ರೆಸರ್ ಜಾರಿದ್ರ ಜೀವಕ್ಕ ಬರ್ತದ.

ಟೈ ರಾಡ್ ಎಂಡ್ ಬಿಚ್ಚೂಮುಂದ ಎಷ್ಟು ಸುತ್ತು ತಿರುಗಿಸಿದ್ರ ಬಿಚ್ಚಿತು ಅಂತ ಎಣಿಸಿ ಬರ್ಕೊಳ್ರಿ, ಹೊಸದು ಅಷ್ಟೇ ಸುತ್ತು ಹಾಕಿದ್ರ ಅಲೈನ್‌ಮೆಂಟ್ ಅಂಗಡಿ ತನಕನಾದ್ರೂ ಗಾಡಿ ಸೀದಾ ಹೋಗ್ತದ. ಸ್ಪ್ಲಿಟ್ ಪಿನ್ ಹೊಸದೇ ಹಾಕ್ರಿ, ತೂತು ಕೂಡ್ಲಿಲ್ಲಂದ್ರ ನಟ್ ಸಡ್ಲ ಮಾಡಬ್ಯಾಡ್ರಿ, ಇನ್ನ ಸ್ವಲ್ಪ ಬಿಗಿ ಮಾಡಿ ಕೂಡಿಸ್ರಿ. ಆರ್ಮಿನ ಬುಷ್ ಬೋಲ್ಟ್ ಗಾಡಿ ತೂಕ ಗಾಲಿ ಮ್ಯಾಲ ಬಿದ್ದ ಮ್ಯಾಲೇ ಕಡಿಗೆ ಟೈಟ್ ಮಾಡ್ಬೇಕು, ಜಾಕ್ ಮ್ಯಾಲಿದ್ದಾಗ ಮಾಡಿದ್ರ ರಬ್ಬರ್ ತಿರುಚ್ಕೊಂಡೇ ಕೂಡ್ತದ, ಲಗೂನ ಹರೀತದ. ಇದನ್ನ ಮಿಸ್ತ್ರಿ ಬಾಜೂಕೇ ನಿಂತು ಹೇಳಿ ಮಾಡ್ಸ್ರಿ. ಸ್ಟೇರಿಂಗ್ ಪೂರ್ತಿ ಎರಡೂ ಕಡಿ ತಿರುಗಿಸಿ ಬ್ರೇಕ್ ಹೋಸ್ ಎಳೀತದೇನು, ಟಾಯರ್ ಎಲ್ಲರ ಉಜ್ತದೇನು ನೋಡ್ರಿ.

ಅಲೈನ್‌ಮೆಂಟಿನಾಗ ಮೊದಲು ಕ್ಯಾಸ್ಟರ್, ಕ್ಯಾಂಬರ್ (ಮುಂದಿಂದ ನೋಡಿದ್ರ ಗಾಲಿ ಒಳಗ-ಹೊರಗ ವಾಲಿದ್ದು), ಕಡಿಗೆ ಟೋ (ಮ್ಯಾಲಿಂದ ನೋಡಿದ್ರ ಗಾಲಿ ಮೂತಿ ಒಳಗ-ಹೊರಗ ತಿರುಗಿದ್ದು). ಬರೇ ಟೋ ಸರಿ ಮಾಡಿ ರೊಕ್ಕ ತಗೊಂಡ್ರ ಒಪ್ಪಬ್ಯಾಡ್ರಿ, ಪ್ರಿಂಟ್ ಕೇಳ್ರಿ. 500 ಕಿ.ಮೀ. ಓಡಿದ ಮ್ಯಾಲ ಹಿಂದಿನ ಯು-ಬೋಲ್ಟ್ (ಲೀಫ್ ಸ್ಪ್ರಿಂಗ್ ಆಕ್ಸಲ್‌ಗೆ ಬಿಗಿಯೋದು) ಸಮೇತ ಎಲ್ಲಾ ಬೋಲ್ಟ್ ಟಾರ್ಕ್ ರೆಂಚಿಂದ (ಎಷ್ಟು ಬಿಗಿ ಅಂತ ಅಳಿಯೋ ಪಾನಾ) ಮತ್ತೊಮ್ಮೆ ನೋಡ್ರಿ.

ಕಾಗದದ ಮಾತಂದ್ರ, ಗಾಡಿ ಬದಲಾಯಿಸೋದರ ಬಗ್ಗೆ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಅದ, ಕೆಲಸಕ್ಕ ಕೈ ಹಾಕೋಕಿಂತ ಮೊದಲೇ ಆರ್‌ಟಿಓದಾಗ, ಇನ್ಶೂರೆನ್ಸ್‌ನೋರ ಹತ್ರ ಕೇಳ್ಕೊಳ್ರಿ. ಮತ್ತ ಹೆಡ್‌ಲೈಟ್ ಸ್ವಲ್ಪ ಕೆಳಗ ಇಳಿಸ್ರಿ, ಇಲ್ಲಂದ್ರ ಹುಮನಾಬಾದ್ ರೋಡಿಗೆ ರಾತ್ರಿ ಎದುರು ಬರೋರೆಲ್ಲಾ ಬೈತಾರ.